‘ಕುಸಿ’ಗೆ ಇಂಗ್ಲಿಷಿನಲ್ಲಿ ಎಷ್ಟು ಮುಖ? ಡ್ರೂಪ್, ಸ್ಯಾಗ್, ಸ್ಲಂಪ್, ಡಿಕ್ಲೈನ್ ಗೊಂದಲ

ಕರಡುಪ್ರತಿ:
ಕನ್ನಡದಿಂದ ಇಂಗ್ಲಿಷಿಗೆ ಹೋದ ಒಂದು ಕರಡನ್ನು ತಿದ್ದುತ್ತಿದ್ದೇನೆ. ಕಟ್ಟಡ ಕುಸಿಯಿತು, ಬೆಲೆ ಕುಸಿಯಿತು, ಅವಳು ಕುರ್ಚಿಯಲ್ಲಿ ಕುಸಿದು ಕೂತಳು, ನೆಲ ಕುಸಿಯಿತು: ನಾಲ್ಕಕ್ಕೂ ಕೊಲ್ಯಾಪ್ಸ್ ಎಂದೇ ಹಾಕಿದ್ದಾರೆ. ಹೂ ಬಾಡಿತು, ತಂತಿ ಜೋತುಬಿತ್ತು, ಕಣ್ಣೆವೆ ಜೋಲುಬಿತ್ತು: ಮೂರಕ್ಕೂ ಡ್ರೂಪ್. ‘ಮಾರಾಟ ಶೇ 20ರಷ್ಟು ಇಳಿಯಿತು’ ಎಂಬುದು ‘ಸೇಲ್ಸ್ ವರ್ ಡಿಕ್ಲೈನ್ಡ್ ಟು 20 ಪರ್ಸೆಂಟ್’ ಆಗಿದೆ. ತಪ್ಪು ಅಂತ ಗೊತ್ತಾಗುತ್ತದೆ, ಯಾಕೆ ತಪ್ಪು ಅಂತ ಬರೆದುಕೊಡಬೇಕಾಗಿದೆ. ನಿಘಂಟಿನಲ್ಲಿ ಎಲ್ಲದಕ್ಕೂ ‘ಇಳಿ, ಬಾಗು, ಕುಗ್ಗು’ ಅಂತಲೇ ಇದೆ.

ಪದಕಣಜ:
ಮೊದಲು ಡಿಕ್ಲೈನ್. ಆ ಒಂದು ವಾಕ್ಯದಲ್ಲಿ ಎರಡು ತಪ್ಪಿವೆ.

‘ವರ್’ ಬೇಡ. ಕನ್ನಡದಲ್ಲಿ ಇಳಿ–ಇಳಿಸು, ಮುಳುಗು–ಮುಳುಗಿಸು ಎಂದು ‘ಇಸು’ ಹಚ್ಚಿದರೆ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ಆ ಸೌಕರ್ಯ ಇಲ್ಲ. ಇಳಿಯುವ ಅರ್ಥದ ಡಿಕ್ಲೈನ್‌ಗೆ ಕರ್ಮಪದವೇ ಇಲ್ಲ, ಆದ್ದರಿಂದ ಕರ್ಮಣಿ ಪ್ರಯೋಗವೂ ಆಗದು. ಕರ್ಮಪದ ಬಂದ ಕೂಡಲೇ ಅದರ ಅರ್ಥ ‘ವಿನಯದಿಂದ ನಿರಾಕರಿಸು’ ಎಂದಾಗುತ್ತದೆ. ಆಹ್ವಾನವನ್ನು ಡಿಕ್ಲೈನ್ ಮಾಡಬಹುದು, ‘ದ ಕಾರ್ಡ್ ವಾಸ್ ಡಿಕ್ಲೈನ್ಡ್’ ಅನ್ನಬಹುದು. ನಿಮ್ಮ ಕರಡನ್ನು ಓದಿದವರು ‘ಮಾರಾಟವನ್ನು ಬೇಡ ಅಂದರು’ ಎಂದುಕೊಳ್ಳುತ್ತಾರೆ. ಯಾರೋ ಬೇಕೆಂದೇ ಇಳಿಸಿದ್ದರೆ ಲೋವರ್ಡ್, ಕಟ್, ರೆಡ್ಯೂಸ್ಡ್ ಇವೆ.

ಇನ್ನೊಂದು ‘ಟು’. ಎಷ್ಟು ಇಳಿಯಿತು ಅನ್ನುವುದಕ್ಕೆ ‘ಬೈ’, ಎಲ್ಲಿಗೆ ಬಂದು ನಿಂತಿತು ಅನ್ನುವುದಕ್ಕೆ ‘ಟು’. 80 ಇದ್ದದ್ದು 60 ಆದರೆ ಅದು ಬೈ 20, ಟು 60, ಅಥವಾ ಬೈ 25 ಪರ್ಸೆಂಟ್. 80 ಮತ್ತು 60 ತಾವೇ ಶೇಕಡಾ ಲೆಕ್ಕವಾಗಿದ್ದರೆ ‘ಬೈ 20 ಪರ್ಸೆಂಟೇಜ್ ಪಾಯಿಂಟ್ಸ್’ ಎನ್ನಬೇಕು. ಇಲ್ಲಿ ಪರ್ಸೆಂಟ್ ಎಂದಷ್ಟೇ ಬರೆದರೆ ಲೆಕ್ಕ ಸುಳ್ಳಾಗುತ್ತದೆ. ನಿಮ್ಮ ವಾಕ್ಯ: ‘ಸೇಲ್ಸ್ ಡಿಕ್ಲೈನ್ಡ್ ಬೈ 20 ಪರ್ಸೆಂಟ್’.

ಅಂದಹಾಗೆ, ನಾಮಪದಕ್ಕೆ ವಿಭಕ್ತಿ ಪ್ರತ್ಯಯ ಹಚ್ಚುವುದಕ್ಕೂ ಇಂಗ್ಲಿಷಿನಲ್ಲಿ ಡಿಕ್ಲೈನ್ ಎಂದೇ ಹೆಸರು. ವಿಭಕ್ತಿಗೆ ಅವರು ಕೇಸ್ ಅನ್ನುತ್ತಾರೆ, ಅದರ ಮೂಲವಾದ ಲ್ಯಾಟಿನ್ ಪದದ ಅರ್ಥ ‘ಬೀಳುವಿಕೆ’. ಪ್ರಥಮಾ ನೆಟ್ಟಗೆ ನಿಂತಿದೆ, ಉಳಿದವು ಅದರಿಂದ ವಾಲಿವೆ ಎಂಬ ಕಲ್ಪನೆ.

ಇನ್ನು ಬಾಡುವುದು. ಎಲೆಯ ಜೀವಕೋಶಗಳಲ್ಲಿ ನೀರಿನ ಒತ್ತಡ ಕಡಿಮೆಯಾಗಿ ಎಲೆ ಮೆತ್ತಗಾದರೆ ವಿಲ್ಟ್. ಮಧ್ಯಾಹ್ನ ಬಾಡಿದ ಗಿಡ ಸಂಜೆಗೆ ಚೇತರಿಸಿಕೊಳ್ಳಬಹುದು, ಆಗಲೂ ಅದು ವಿಲ್ಟ್. ವಿದರ್ ಎಂದರೆ ಒಣಗಿ ಸುಕ್ಕಾಗಿ ಕಮರಿದ್ದು, ಅಲ್ಲಿಂದ ಸಾಮಾನ್ಯವಾಗಿ ವಾಪಸು ಬರುವ ಮಾತಿಲ್ಲ. ಬಣ್ಣ ಮಾತ್ರ ಮಾಸಿದರೆ ಫೇಡ್. ಡ್ರೂಪ್ ಬರೀ ಆಕಾರದ ಮಾತು, ತಲೆ ಬಗ್ಗಿದೆ ಅಷ್ಟೇ. ನೀರು ಸಾಕಷ್ಟಿದ್ದರೂ ಕೆಲವು ಹೂಗಳು ಹುಟ್ಟಿನಿಂದಲೇ ಡ್ರೂಪ್ ಆಗಿರುತ್ತವೆ. ನಿಮ್ಮ ಹೂವಿಗೆ ವಿಲ್ಟ್, ರೆಪ್ಪೆಗೆ ಡ್ರೂಪ್ ಸರಿ. ತಂತಿಗೆ ಸ್ಯಾಗ್: ಎರಡು ತುದಿ ಹಿಡಿದಿದ್ದು ನಡು ಇಳಿದರೆ ಸ್ಯಾಗ್, ಒಂದು ತುದಿ ಹಿಡಿದಿದ್ದು ಇನ್ನೊಂದು ತುದಿ ನೇತುಬಿದ್ದರೆ ಡ್ರೂಪ್.

ಸೈಟ್‌ಲೆವೆಲ್:
ತುದಿಯ ನಿಯಮ ತಂತಿಗೆ, ಪುಸ್ತಕದ ಹಲಗೆಗೆ, ಹಾಸಿಗೆಗೆ ಸರಿಹೊಂದುತ್ತದೆ. ಬಾಗಿಲಿಗೆ ಹೊಂದುವುದಿಲ್ಲ. ಕೀಲು ಸಡಿಲವಾಗಿ ಆಚೆ ಮೂಲೆ ನೆಲಕ್ಕೆ ಉಜ್ಜುವ ಬಾಗಿಲಿಗೂ ಸ್ಯಾಗ್ ಅಂತಲೇ ಹೇಳುವುದು, ಅಲ್ಲಿ ಹಿಡಿತ ಇರುವುದು ಒಂದೇ ಕಡೆ. ಗೋಡೆಯ ಮೇಲೆ ಪೇಂಟ್ ದಪ್ಪಗೆ ಹೊಡೆದು ಅದು ಪರದೆಯ ಹಾಗೆ ಇಳಿದರೂ ಸ್ಯಾಗ್. ಹಾಗಾಗಿ ಕಾರಣ ನೋಡಿ: ತನ್ನದೇ ಭಾರಕ್ಕೋ ಹೊತ್ತ ಭಾರಕ್ಕೋ ಸೋತು ಇಳಿದಿದ್ದರೆ ಸ್ಯಾಗ್. ಎತ್ತಿ ಹಿಡಿಯುವ ಕಸುವು ಹೋಗಿ ನೇತಾಡಿದರೆ ಡ್ರೂಪ್. ಗಾಳಿ ನಿಂತಾಗ ಬಾವುಟ ಡ್ರೂಪ್ ಆಗುತ್ತದೆ, ಯಾಕೆಂದರೆ ಅದನ್ನು ಎತ್ತಿ ಹಿಡಿದಿದ್ದದ್ದು ಗಾಳಿ.

ಸ್ಲಂಪ್ ಎಂದರೆ ಏನು ಅಂತ ಕಣ್ಣಾರೆ ನೋಡಬೇಕಿದ್ದರೆ ಕಾಂಕ್ರೀಟಿನ ಸ್ಲಂಪ್ ಪರೀಕ್ಷೆ ನೋಡಿ. 300 ಮಿ.ಮೀ. ಎತ್ತರ, ತಳದಲ್ಲಿ 200, ಮೇಲೆ 100 ಮಿ.ಮೀ. ಅಗಲದ ಲೋಹದ ಶಂಕು. ಹಸಿ ಕಾಂಕ್ರೀಟನ್ನು ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೆ ಸರಳಿನಿಂದ 25 ಸಲ ಕುಟ್ಟಿ, ಶಂಕುವನ್ನು ನೆಟ್ಟಗೆ ಮೇಲೆತ್ತುತ್ತಾರೆ. ಆಸರೆ ಹೋದ ಮುದ್ದೆ ಕೂತುಬಿಡುತ್ತದೆ. 225 ಮಿ.ಮೀ.ಗೆ ಬಂದು ನಿಂತರೆ ಸ್ಲಂಪ್ 75. ಮುದ್ದೆಯ ಅರ್ಧ ಭಾಗ ಪಕ್ಕಕ್ಕೆ ಜಾರಿದರೆ ಆ ಅಳತೆಯನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಮಾಡುತ್ತಾರೆ. ಪೂರ್ತಿ ಚಪ್ಪಟೆಯಾದರೆ ಅದಕ್ಕೆ ಕೊಲ್ಯಾಪ್ಸ್ ಎಂಬ ಬೇರೆ ಹೆಸರೇ ಇದೆ. ನಿಮ್ಮ ಕುರ್ಚಿಯವಳಿಗೆ ಸ್ಲಂಪ್ಡ್ ಯಾಕೆ ಬೇಕು ಎಂಬುದಕ್ಕೆ ಇದೇ ಉತ್ತರ: ಮೈಯ ಬಿಗಿ ಕಳಚಿ ಕೂತಿದ್ದಾಳೆ, ಬಿದ್ದಿಲ್ಲ. ಬೆನ್ನು ಗೂನು ಮಾಡಿ ಕೂರುವುದೇ ಅಭ್ಯಾಸವಾಗಿದ್ದರೆ ಸ್ಲೌಚ್.

ನೆಲದ ವಾಕ್ಯದಲ್ಲಿ ಹುಷಾರು. ಕನ್ನಡ ಪತ್ರಿಕೆಗಳ ‘ಭೂಕುಸಿತ’ ಹೆಚ್ಚಾಗಿ ಇಳಿಜಾರಿನ ಮಣ್ಣು ಜಾರುವುದು, ಅದು ಲ್ಯಾಂಡ್‌ಸ್ಲೈಡ್. ಗಣಿಯ ಮೇಲಿನ ನೆಲವೋ, ಅಂತರ್ಜಲ ಬರಿದಾದ ನೆಲವೋ ಇದ್ದಲ್ಲೇ ತಗ್ಗಿದರೆ ಸಬ್‌ಸೈಡ್. ಪ್ರವಾಹ, ನೋವು, ಗದ್ದಲ ಇಳಿಯುವುದಕ್ಕೂ ಇದೇ ಕ್ರಿಯಾಪದ. ವಿಚಿತ್ರ ಅಂದರೆ ಪ್ರವಾಹ ಸಬ್‌ಸೈಡ್ ಆದರೆ ನೆಮ್ಮದಿ, ಅಡಿಪಾಯ ಸಬ್‌ಸೈಡ್ ಆದರೆ ಗೋಡೆಯಲ್ಲಿ ಬಿರುಕು.

ಕಟ್ಟಡಕ್ಕೆ ಕೊಲ್ಯಾಪ್ಸ್ ಇರಲಿ. ಬೆಲೆಗೂ ನಡೆಯುತ್ತದೆ, ಆದರೆ ಮಾರುಕಟ್ಟೆ ಪೂರ್ತಿ ನೆಲಕಚ್ಚಿದಾಗ ಮಾತ್ರ.

ಕರಡುಪ್ರತಿ:
ತುಂಬ ಉಪಕಾರವಾಯಿತು. ಬೆಲೆಗೆ ಹಾಗಾದರೆ ಯಾವುದು? ಇನ್ನೊಂದು ಪ್ರಶ್ನೆ: ‘ದೋಣಿ ಮುಳುಗಿ ಇಬ್ಬರು ಮುಳುಗಿದರು’ ಎಂಬಲ್ಲಿ ಎರಡೂ ಕಡೆ ಸಂಕ್ ಎಂದಿದೆ.

ಪದಕಣಜ:
ಬೆಲೆ ಸ್ವಲ್ಪ ಇಳಿದು ಮತ್ತೆ ಏರಿದರೆ ಡಿಪ್. ಜೋರಾಗಿ ಇಳಿದು ಅಲ್ಲೇ ಕೂತರೆ ಸ್ಲಂಪ್. ಕಲ್ಲು ಬಿದ್ದ ಹಾಗೆ ನೇರ ಬಿದ್ದರೆ ಪ್ಲಮೆಟ್. ಗೋಡೆ ನೆಟ್ಟಗಿದೆಯೇ ನೋಡಲು ದಾರಕ್ಕೆ ಕಟ್ಟಿ ಬಿಡುವ ಸೀಸದ ಗುಂಡಿಗೆ ಪ್ಲಮೆಟ್ ಎಂಬ ಹೆಸರಿತ್ತು, ಕ್ರಿಯಾಪದ ಅಲ್ಲಿಂದ ಬಂತು. ಶೇ 2ರ ಇಳಿಕೆಗೆ ಪ್ಲಮೆಟ್ ಹಾಕುವುದು ಶೀರ್ಷಿಕೆ ಬರೆಯುವವರ ಚಪಲ. ಡ್ವಿಂಡಲ್ ಬೆಲೆಗೆ ಒಗ್ಗುವುದಿಲ್ಲ. ದಾಸ್ತಾನು, ಜನಸಂಖ್ಯೆ, ಉಳಿತಾಯದಂಥವು ಕರಗುತ್ತ ಬಂದಾಗ ಅದು. ವೇನ್ ಚಂದ್ರನ ಕೃಷ್ಣಪಕ್ಷದ್ದು, ಎಬ್ ಕಡಲಿನ ಇಳಿತದ್ದು. ಪ್ರಭಾವ, ಉತ್ಸಾಹಗಳಿಗೆ ಎರಡೂ ಆಗುತ್ತವೆ.

ಮುಳುಗುವುದು: ವಸ್ತು ಸಿಂಕ್ ಆಗುತ್ತದೆ. ನೀರಲ್ಲಿ ಉಸಿರುಗಟ್ಟಿ ಜೀವ ಹೋದರೆ ಡ್ರೌನ್. ‘ದ ಬೋಟ್ ಸ್ಯಾಂಕ್ ಅಂಡ್ ಟೂ ಪೀಪಲ್ ಡ್ರೌನ್ಡ್’. ಇಬ್ಬರೂ ಬದುಕಿದ್ದರೆ ಡ್ರೌನ್ಡ್ ಬರೆಯಲೇಬೇಡಿ. ರೂಪಗಳು ಸಿಂಕ್, ಸ್ಯಾಂಕ್, ಸಂಕ್. 1912ರಲ್ಲಿ ಟೈಟಾನಿಕ್ ಮಂಜುಗಡ್ಡೆಗೆ ತಾಗಿ ಸ್ಯಾಂಕ್, 1915ರಲ್ಲಿ ಲ್ಯುಸಿಟೇನಿಯಾ ಟಾರ್ಪೆಡೊ ಏಟಿಗೆ ವಾಸ್ ಸಂಕ್, ಅಂದರೆ ಮುಳುಗಿಸಲಾಯಿತು. ಸಂಕನ್ ಬರೀ ವಿಶೇಷಣ: ಗುಳಿಬಿದ್ದ ಕಣ್ಣು ‘ಸಂಕನ್ ಐಸ್’. ಆದರೆ ವಾಪಸು ಬಾರದ ಖರ್ಚು ‘ಸಂಕ್ ಕಾಸ್ಟ್’, ಅಲ್ಲಿ ಸಂಕನ್ ಹಾಕಬೇಡಿ.

ಸೈಟ್‌ಲೆವೆಲ್:
ಟೈಟಾನಿಕ್‌ನ ಪ್ರಯಾಣಿಕರಿಗೂ ಡ್ರೌನ್ಡ್ ಎಂದು ಕಣ್ಣುಮುಚ್ಚಿ ಬರೆಯುವಂತಿಲ್ಲ. ಅನೇಕರು ಲೈಫ್‌ಜಾಕೆಟ್ ತೊಟ್ಟು ತೇಲುತ್ತಲೇ ಚಳಿಗೆ ಸತ್ತರು. ಸಾವಿನ ಕಾರಣ ಖಚಿತವಿಲ್ಲದ ಕಡೆ ‘ಡೈಡ್’ ಸಾಕು.