ಬಿಯರ್ ಉತ್ಸವದಲ್ಲಿ ರುಚಿ ನೋಡುವ ಕ್ರಮದ ಬಗ್ಗೆ ಸಲಹೆ ಬೇಕು

ಎಲ್ಲರಿಗೂ ನಮಸ್ಕಾರ. ನೂರಾರು ಬ್ರೂವರಿಗಳು ಒಂದೇ ಸಭಾಂಗಣದಲ್ಲಿ ಸೇರುವ ದೊಡ್ಡ ಕ್ರಾಫ್ಟ್ ಬಿಯರ್ ಉತ್ಸವವೊಂದಕ್ಕೆ ಮೊದಲ ಬಾರಿ ಹೋಗುತ್ತಿರುವ ನಾನು, ಇಂಥ ಉತ್ಸವಗಳನ್ನು ಕಂಡವರ ಮಾರ್ಗದರ್ಶನ ಕೋರುತ್ತಿದ್ದೇನೆ.

ನಾಲ್ಕು ಗಂಟೆಗಳ ಅವಧಿಯಲ್ಲಿ, ಪ್ರತಿ ಮಳಿಗೆಯಲ್ಲೂ ಸುಮಾರು 30 ಮಿ.ಲೀ. ಬಿಯರ್ ರುಚಿಗೆ ಸಿಗುತ್ತದೆ. ಈ ಪ್ರಮಾಣ ಅಲ್ಪವೆಂದು ನಾನೂ ಮೊದಲು ಭಾವಿಸಿದ್ದೆ, ಆದರೆ ಶೇ. 10ರಷ್ಟು ಮದ್ಯಾಂಶವಿರುವ ಇಂಪೀರಿಯಲ್ ಸ್ಟೌಟ್ ಎಂಬ ಕಡು ಕಪ್ಪು ಬಿಯರ್‌ನ ಇಂಥ 20 ಗುಟುಕುಗಳು, ಶೇ. 5ರ ಸಾಮಾನ್ಯ ಬಿಯರ್‌ನ 1.2 ಲೀಟರಿಗೆ ಸಮವೆಂದು ಲೆಕ್ಕ ಹಾಕಿದ ಮೇಲೆ ಆ ಧೈರ್ಯ ಉಳಿದಿಲ್ಲ.

ಪಿಲ್ಸ್ನರ್, ಗೋಧಿ ಬಿಯರ್‌ನಂಥ ಹಗುರವಾದವುಗಳಿಂದ ಆರಂಭಿಸಿ, ಹಾಪ್ಸ್ ಎಂಬ ಹೂವಿನ ಕಹಿ ಹೆಚ್ಚಿರುವ ಐಪಿಎ (ಇಂಡಿಯಾ ಪೇಲ್ ಏಲ್) ಹಾಗೂ ಗಾಢವಾದ ಸ್ಟೌಟ್‌ಗಳನ್ನು ಕೊನೆಗೆ ಇಟ್ಟುಕೊಳ್ಳಬೇಕೆಂಬುದು ಸಾಮಾನ್ಯ ಸಲಹೆ; ತೀವ್ರ ಕಹಿಯ ನಂತರ ನಾಲಿಗೆಗೆ ಸೂಕ್ಷ್ಮ ರುಚಿಗಳು ತಿಳಿಯುವುದಿಲ್ಲವೆಂಬ ಕಾರಣವೂ ಸರಿಯಾಗಿಯೇ ಇದೆ. ಆದರೆ ಮರದ ಪೀಪಾಯಿಗಳಲ್ಲಿ ಮಾಗಿಸಿದ ಅಪರೂಪದ ಬಿಯರ್‌ಗಳು ಅಲ್ಪ ಪ್ರಮಾಣದಲ್ಲಿ ಬರುವುದರಿಂದ ಬೇಗ ಮುಗಿದುಹೋಗಬಹುದಲ್ಲವೇ? ಕ್ರಮವನ್ನು ಮುರಿದು ಮೊದಲು ಅವುಗಳ ಸರದಿಯಲ್ಲಿ ನಿಲ್ಲುವುದು ಸೂಕ್ತವೇ? ಹುಳಿ ಬಿಯರ್‌ಗಳನ್ನು ಈ ಕ್ರಮದಲ್ಲಿ ಎಲ್ಲಿ ಸೇರಿಸುತ್ತೀರಿ?

ಹೊಟ್ಟೆ ತುಂಬ ಊಟ ಮಾಡಿ ಹೊರಡುವುದು, ನಡುನಡುವೆ ನೀರು ಕುಡಿಯುವುದು, ವಾಹನ ಚಲಾಯಿಸದಿರುವುದು, ಇವು ಈಗಾಗಲೇ ನಿಶ್ಚಯವಾಗಿವೆ. ಆದರೆ ಕುಡಿದದ್ದನ್ನೆಲ್ಲ ನೆನಪಿಡುವ ಬಗೆ ತೋಚುತ್ತಿಲ್ಲ. ಆ ಜನಜಂಗುಳಿಯಲ್ಲಿ ಟಿಪ್ಪಣಿ ಬರೆದುಕೊಳ್ಳುವುದು ಸಾಧ್ಯವೇ ಎಂಬುದನ್ನು ದಯವಿಟ್ಟು ತಿಳಿಸಿ.