ಬಿದಿರಿನ ಫಲಕಕ್ಕೆ ‘ತಳಿ’ ಸಾಕು

> ಬಿದಿರು ತೋಟದ ಫಲಕ ನಾಳೆ ಅಚ್ಚಿಗೆ ಹೋಗಬೇಕು. ಕಲ್ಟಿವಾರ್‌ಗೆ (ಮನುಷ್ಯ ಆರಿಸಿ ಬೆಳೆಸಿದ ಬಗೆಗೆ) ಕನ್ನಡದಲ್ಲಿ ಏನು ಬರೆಯಲಿ? ‘ಉಪಜಾತಿ’ ನಡೆಯುತ್ತಾ? ‘ಕೃಷಿಪ್ರಭೇದ’?

ಎರಡೂ ಬೇಡ. ಉಪಜಾತಿ ಎಂದರೆ ಕಾಡಿನಲ್ಲಿ ತಾನಾಗಿ ಬೇರೆಯಾದ ಗುಂಪು. ಪ್ರಭೇದ ಎಂಬುದನ್ನು ಸ್ಪೀಶೀಸ್‌ಗೆ ಆಗಲೇ ಕೊಟ್ಟಾಗಿದೆ. ಅದರ ಹಿಂದೆ ‘ಕೃಷಿ’ ಅಂಟಿಸಿದರೆ ಓದುವವರಿಗೆ ಗೊಂದಲ ಜಾಸ್ತಿ, ಅಷ್ಟೇ. ಮನುಷ್ಯ ಆರಿಸಿ, ಗುಣ ಕೆಡದಂತೆ ಬೆಳೆಸಿಕೊಂಡು ಬಂದದ್ದಕ್ಕೆ ರೈತರ ಬಾಯಲ್ಲಿ ‘ತಳಿ’ ಇದೆ. ಭತ್ತಕ್ಕೆ ಒಪ್ಪಿದ ಪದ ಬಿದಿರಿಗೆ ಒಪ್ಪುವುದಿಲ್ವಾ?

ತಳಿ, ತಳಿರು ಎರಡಕ್ಕೂ ಒಂದೇ ಬೇರು ಎಂಬುದು ನನ್ನ ನಂಬಿಕೆ. ಬಿದಿರಿಗಂತೂ ಇದು ಚೆನ್ನಾಗಿ ಕೂರುತ್ತದೆ. ಎಷ್ಟೋ ಬಿದಿರುಗಳು ಹೂ ಬಿಡಲು ದಶಕಗಳೇ ಬೇಕು. ಹಾಗಾಗಿ ಗಡ್ಡೆ ಒಡೆದೋ ಗಳದ ತುಂಡು ನೆಟ್ಟೋ ತಳಿಯನ್ನು ಉಳಿಸಿಕೊಳ್ಳುತ್ತಾರೆ. ಬಿದಿರಕ್ಕಿಯಿಂದ ಎದ್ದ ಸಸಿಗೆ ತಾಯಿಯ ಗುಣವೇ ಬರುತ್ತದೆ ಎಂಬ ಖಾತ್ರಿ ಇಲ್ಲ. ಅಂಥ ಸಸಿಯ ಮುಂದೆ ಸುಮ್ನೆ ತಾಯಿಯ ತಳಿ ಹೆಸರು ನೆಡಬೇಡಿ.

ಹೆಸರನ್ನೂ ಕನ್ನಡಿಸಿ ಎಂದವರಿಗೆ: ಆಗದು. ಬೆಳೆಸಿದ ಸಸ್ಯಗಳ ನಾಮಕರಣ ಸಂಹಿತೆಯ ಪ್ರಕಾರ ತಳಿಯ ಹೆಸರನ್ನು ಅನುವಾದಿಸುವಂತಿಲ್ಲ. ಬೇರೆ ಲಿಪಿಯಲ್ಲಿ ಬರೆಯಬಹುದು. ಹೆಸರಿನ ಸುತ್ತ ಒಂಟಿ ಉದ್ಧರಣ ಚಿಹ್ನೆ ಹಾಕುವುದೂ ಆ ನಿಯಮದ ಭಾಗ, ಅಲಂಕಾರವಲ್ಲ. ಹಾಗಾಗಿ ಫಲಕದಲ್ಲಿ ಹೀಗೆ ಬರಲಿ:

ಪ್ರಭೇದ: ಬ್ಯಾಂಬೂಸಾ ವಲ್ಗ್ಯಾರಿಸ್
ತಳಿ: ‘ವಿಟ್ಟಾಟಾ’
ಹಳದಿ ಗಳ, ಹಸಿರು ಪಟ್ಟೆ

ಹಳದಿ ಬಿದಿರು ಎಂದು ಕರೆಯುವುದಾದರೆ ಕರೆಯಿರಿ, ಆದರೆ ಚಿಹ್ನೆಯ ಹೊರಗೆ. ಗೆಣ್ಣುಗಳ ನಡುವೆ ಉಬ್ಬಿದ ‘ವಾಮಿನ್’ ಕೂಡ ಇದೇ ಪ್ರಭೇದದ ತಳಿ. ಅದಕ್ಕೆ ಬೇರೆ ಪ್ರಭೇದದ ಫಲಕ ಹಾಕಿದರೆ ತಪ್ಪಾಗುತ್ತದೆ.

‘ಕಲ್ಟಿವಾರ್’ ಎಂದೇ ಬರೆದರೆ ಏನು ತಪ್ಪು ಎಂದವರಿಗೂ ಒಂದು ಮಾತು. ಅದು 1923ರಲ್ಲಿ ಬೈಲಿ ಎಂಬ ಸಸ್ಯವಿಜ್ಞಾನಿ ಎರಡು ಪದ ಬೆಸೆದು ಕಟ್ಟಿದ್ದು. ಇಂಗ್ಲಿಷಿಗೆ ಪದ ಇರಲಿಲ್ಲ, ಕಟ್ಟಿಕೊಂಡರು. ನಮಗೆ ಹೊಲದಲ್ಲೇ ಇದೆ. ಇಲ್ಲದ್ದನ್ನು ಎರವಲು ತನ್ನಿ, ನನ್ನ ತಕರಾರಿಲ್ಲ. ಇರುವುದನ್ನು ಬಿಟ್ಟು ತರುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.