ತೂಕವೋ, ಎಳೆತವೋ, ಹೊರೆಯೋ? ಕಂಟ್ರೋಲ್ ಲೈನ್ ವಿಮಾನದ ನಿಯಮಗಳಲ್ಲಿ 'ಭಾರ'

ಎಲ್ಲರಿಗೂ ನಮಸ್ಕಾರ.

ಕೆಲವು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕಿದೆ. ಕಂಟ್ರೋಲ್ ಲೈನ್ (ತಂತಿ ಕಟ್ಟಿ ಕೈಯಲ್ಲಿ ಹಿಡಿದು ಹಾರಿಸುವ) ಮಾದರಿ ವಿಮಾನಗಳ ಸ್ಪರ್ಧೆಯ ನಿಯಮಗಳನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದುವವರು ದಕ್ಷಿಣ ಕೊಡಗಿನ ಹೈಸ್ಕೂಲು, ಪಿಯು ಮಕ್ಕಳು. ಮನೆಯಲ್ಲಿ ಒಬ್ಬರದು ಕೊಡವ ತಕ್ಕ್, ಒಬ್ಬರದು ಅರೆಭಾಷೆ, ಇನ್ನೊಬ್ಬರದು ಮಲಯಾಳಂ ಅಥವಾ ತುಳು. ಎಲ್ಲರಿಗೂ ಹೊಂದುವುದು ಶಾಲೆಯ ಕನ್ನಡವೇ. ಎನ್‌ಸಿಸಿ ಏರ್ ವಿಂಗ್‌ನ ವಾಯು ಸೈನಿಕ ಶಿಬಿರದಲ್ಲಿ ಏರೋಮಾಡೆಲಿಂಗ್ ಸ್ಪರ್ಧೆ ನಡೆಯುತ್ತದೆ. ಅದರಲ್ಲಿ ಕಂಟ್ರೋಲ್ ಲೈನ್ ಹಾರಾಟವೂ ಇರುತ್ತದೆ. 1965ರ ಯುದ್ಧದಲ್ಲಿ ಮಡಿದ ವಾಯುಪಡೆಯ ವೀರ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಜಿಲ್ಲೆ ಇದು, ವಿಮಾನ ಅಂದರೆ ಇಲ್ಲಿನ ಮಕ್ಕಳ ಕಿವಿ ನೆಟ್ಟಗಾಗುತ್ತದೆ.

ತೊಡಕು ಇರುವುದು 'ಭಾರ' ಎಂಬ ಪದದಲ್ಲಿ. ನನ್ನ ಕೈಗೆ ಬಂದ ಹಳೆಯ ಕನ್ನಡ ಟಿಪ್ಪಣಿಯೊಂದರಲ್ಲಿ ಮೂರು ಬೇರೆ ಸಂಗತಿಗಳಿಗೂ 'ಭಾರ' ಅಂತಲೇ ಬರೆದಿದ್ದಾರೆ. ವಿಮಾನದ ಭಾರ, ತಂತಿಯ ಭಾರ, ರೆಕ್ಕೆಯ ಭಾರ. ಅದನ್ನು ಓದಿದ ಹುಡುಗಿಯೊಬ್ಬಳು "ತಂತಿಯನ್ನೂ ತಕ್ಕಡಿಗೆ ಹಾಕಬೇಕಾ ಸರ್?" ಅಂತ ಕೇಳಿದಳು. ಅವಳು ಕೇಳಿದ್ದು ನ್ಯಾಯವೇ. ಅಲ್ಲಿ ಬರೆದದ್ದಕ್ಕೆ ಬೇರೆ ಅರ್ಥ ಬರುವುದೇ ಇಲ್ಲ.

ಈ ಆಟ ನೋಡಿರದವರಿಗೆ ಸ್ವಲ್ಪ ಹೇಳುತ್ತೇನೆ. ಇಲ್ಲಿ ರೇಡಿಯೋ ಇಲ್ಲ. ಹಾರಿಸುವವರು ಮಧ್ಯದಲ್ಲಿ ಒಂದು ಹಿಡಿ ಹಿಡಿದು ನಿಲ್ಲುತ್ತಾರೆ. ಹಿಡಿಯಿಂದ ಎರಡು ಸಣ್ಣ ಉಕ್ಕಿನ ತಂತಿಗಳು ವಿಮಾನದ ಒಳಗಿನ ಬೆಲ್‌ಕ್ರ್ಯಾಂಕ್‌ಗೆ (ತಿರುಗುವ ಸಣ್ಣ ಸನ್ನೆಗೆ) ಹೋಗುತ್ತವೆ. ಹಿಡಿಯನ್ನು ಮೇಲೆ ಕೆಳಗೆ ವಾಲಿಸಿದರೆ ಬೆಲ್‌ಕ್ರ್ಯಾಂಕ್ ತಿರುಗುತ್ತದೆ, ಬಾಲದ ಎಲಿವೇಟರ್ ಎಂಬ ಅಲುಗಾಡುವ ಪಟ್ಟಿ ಏಳುತ್ತದೆ ಅಥವಾ ಇಳಿಯುತ್ತದೆ, ಅದರಂತೆ ವಿಮಾನವೂ ಏರುತ್ತದೆ, ಇಳಿಯುತ್ತದೆ. ಅಮೆರಿಕದ ಜಿಮ್ ವಾಕರ್ 1940ರ ದಶಕದಲ್ಲಿ ಇದನ್ನು 'ಯು-ಕಂಟ್ರೋಲ್' ಎಂಬ ಹೆಸರಲ್ಲಿ ಮನೆಮಾತು ಮಾಡಿದರು. ವಿಮಾನ ಸುತ್ತಲೂ ಹಾರುತ್ತಲೇ ಇರುತ್ತದೆ, ತಂತಿ ಯಾವಾಗಲೂ ಬಿಗಿಯಾಗಿರಬೇಕು. ತಂತಿ ಸಡಿಲವಾದರೆ ವಿಮಾನ ನಮ್ಮ ಮಾತು ಕೇಳುವುದಿಲ್ಲ. ತಂತಿ ಕಡಿದರೆ ಅದು ಜನರ ಕಡೆಗೇ ಹೋಗಬಹುದು. ನಿಯಮಗಳೆಲ್ಲ ಹುಟ್ಟಿದ್ದು ಈ ಭಯದಿಂದ. ಹಾಗಾಗಿ ಪದ ಎಲ್ಲಿಯೂ ಅಡ್ಡಾದಿಡ್ಡಿ ಆಗಬಾರದು ಅನ್ನುವುದು ನನ್ನ ಕಾಳಜಿ.

ಮೊದಲನೆಯದು ಸುಲಭ. ವಾಯುಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಎಐ ಕಂಟ್ರೋಲ್ ಲೈನನ್ನು ಎಫ್2 ಅಂತ ಕರೆಯುತ್ತದೆ. ಅದರಲ್ಲಿ ಎಫ್2ಬಿ ಅಂದರೆ ಕಸರತ್ತಿನ ಹಾರಾಟ. ಅಲ್ಲಿ ವಿಮಾನ 3.5 ಕಿಲೋ ಮೀರುವಂತಿಲ್ಲ, ರೆಕ್ಕೆಯ ಉದ್ದ ತುದಿಯಿಂದ ತುದಿಗೆ 2 ಮೀಟರ್ ಮೀರುವಂತಿಲ್ಲ. ಇದು ತಕ್ಕಡಿಯ ಮಾತು. ಇದಕ್ಕೆ 'ತೂಕ' ಅಂತ ಬರೆದರೆ ಸಾಕಲ್ವಾ? ಕಾಫಿ ಕೊಯ್ಲಿನ ಸಮಯದಲ್ಲಿ ಸಂಜೆ ಚೀಲಗಳನ್ನು 'ತೂಕಕ್ಕೆ ಹಾಕುತ್ತಾರೆ'. ಕೊಯ್ದವರು "ತೂಕ ಎಷ್ಟು ಬಂತು?" ಅಂತ ಕೇಳುತ್ತಾರೆ. 'ಭಾರ' ಅನ್ನುವುದು ಚೀಲ ಎತ್ತುವಾಗ, "ಇದು ಜಾಸ್ತಿ ಭಾರ ಇದೆ, ಒಬ್ಬರಿಂದ ಆಗಲ್ಲ" ಅಂತ. ಅಂದರೆ ತೂಕ ಅಳತೆಗೆ, ಭಾರ ಅನುಭವಕ್ಕೆ. ನಿಯಮದ ಹಾಳೆಗೆ ಬೇಕಿರುವುದು ಅಳತೆ. ವಿಜ್ಞಾನದ ಪಾಠದ 'ದ್ರವ್ಯರಾಶಿ' ಇಲ್ಲಿ ಬೇಡ ಅನ್ನಿಸುತ್ತದೆ. ಮೈದಾನದಲ್ಲಿ ನಿಂತು "ನಿನ್ನ ವಿಮಾನದ ದ್ರವ್ಯರಾಶಿ ಎಷ್ಟು?" ಅಂತ ಯಾರೂ ಕೇಳುವುದಿಲ್ಲ.

ಎರಡನೆಯದರಲ್ಲೇ ನಿಜವಾದ ಚರ್ಚೆ ಇರುವುದು. ಹಾರಿಸುವ ಮೊದಲು ವಿಮಾನ, ತಂತಿ, ಹಿಡಿ ಮೂರನ್ನೂ ಜೋಡಿಸಿ ಎಳೆದು ನೋಡುತ್ತಾರೆ. ಎಫ್2ಬಿಯಲ್ಲಿ ವಿಮಾನದ ತೂಕದ 10 ಪಟ್ಟು ಬಲದಲ್ಲಿ ಎಳೆಯಬೇಕು. ವೇಗದ ಸ್ಪರ್ಧೆಯಾದ ಎಫ್2ಎಯಲ್ಲಿ 50 ಪಟ್ಟು. ಅಷ್ಟೊಂದು ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಲೆಕ್ಕ ಮಾಡಿ ತೋರಿಸಿದರೆ ಅವರಿಗೆ ಖುಷಿಯೋ ಖುಷಿ. ಒಂದೂವರೆ ಕಿಲೋ ತೂಗುವ ಕಸರತ್ತಿನ ವಿಮಾನ 20 ಮೀಟರ್ ತಂತಿಯಲ್ಲಿ 5 ಸೆಕೆಂಡಿಗೆ ಒಂದು ಸಲ ಸುತ್ತಿದರೆ, ಹಾರಿಸುವವರ ಕೈಯನ್ನು ಅದು ಸುಮಾರು 5 ಕಿಲೋದಷ್ಟು ಎಳೆಯುತ್ತದೆ. ತನ್ನ ತೂಕದ ಮೂರು ಪಟ್ಟಿಗಿಂತ ಜಾಸ್ತಿ. ವೇಗದ ವಿಮಾನದ ಕಥೆ ಬೇರೆ. ಅದರ ಸುತ್ತಿನ ತ್ರಿಜ್ಯ 17.69 ಮೀಟರ್. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಹೋದರೆ ಎಳೆತ ತೂಕದ 40 ಪಟ್ಟು ಆಗುತ್ತದೆ. ಅರ್ಧ ಕಿಲೋ ವಿಮಾನ 20 ಕಿಲೋದಷ್ಟು ಎಳೆಯುತ್ತದೆ! 50 ಪಟ್ಟಿನ ಪರೀಕ್ಷೆ ಯಾಕೆ ಬೇಕು ಅನ್ನುವುದು ಆಗ ತಾನಾಗಿಯೇ ಗೊತ್ತಾಗುತ್ತದೆ. ಆ ಸ್ಪರ್ಧೆಯಲ್ಲಿ ನಡುವೆ ಒಂದು ಕಂಬ ನಿಲ್ಲಿಸಿರುತ್ತಾರೆ. ಹಾರಿಸುವವರು ಅದರ ಕವೆಯಲ್ಲಿ ಕೈ ಇಟ್ಟು ಕಂಬದ ಸುತ್ತ ನಡೆಯುತ್ತಾರೆ. (ಕವಲೊಡೆದ ತುದಿಗೆ 'ಕವೆ' ಅಂತ ಬರೆದಿದ್ದೇನೆ. ಕವೆಗೋಲು ಎಲ್ಲ ಮಕ್ಕಳಿಗೂ ಗೊತ್ತು.)

ಇದಕ್ಕೆ 'ತಂತಿಯ ಭಾರ' ಅಂತ ಬರೆಯುವುದು ಸುತರಾಂ ಸರಿಯಲ್ಲ. ಹಾರುವಾಗ ವಿಮಾನ ಮಾಡುವುದಕ್ಕೆ 'ಎಳೆತ' ಅಂತ ಇಟ್ಟಿದ್ದೇನೆ. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಾರಿಸುವ ಮೊದಲು ಮಾಡುವ ಪರೀಕ್ಷೆಗೆ ಏನನ್ನೋಣ? 'ಎಳೆತ ಪರೀಕ್ಷೆ' ಒಂದು ದಾರಿ. ಮಕ್ಕಳ ಬಾಯಲ್ಲಿ ಮೊದಲು ಬಂದದ್ದು 'ಜಗ್ಗಿ ನೋಡೋದು'. ಕೆಸರುಗದ್ದೆ ಕ್ರೀಡಾಕೂಟದ ಹಗ್ಗಜಗ್ಗಾಟ ನೋಡಿ ಬೆಳೆದವರಿಗೆ ಅದೇ ಸಹಜ. ನನಗೂ ಆ ಪದ ಇಷ್ಟ. ಆದರೂ ಒಂದು ಹಿಂಜರಿಕೆ ಇದೆ. ಪರೀಕ್ಷೆಯಲ್ಲಿ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಿಧಾನವಾಗಿ, ಒಂದೇ ಸಮ ಎಳೆಯಬೇಕು. ಜಗ್ಗು ಅಂದಾಗ ಪಕ್ಕನೆ ಝಾಡಿಸಿದ ಹಾಗೆ ಕೇಳಿಸುತ್ತದೆ. ಝಾಡಿಸಿದರೆ ಚೆನ್ನಾಗಿರುವ ತಂತಿಯೂ ಹಾಳಾಗುತ್ತದೆ. ನಿಮ್ಮ ಊರಲ್ಲಿ 'ಜಗ್ಗು' ಅಂದರೆ ನಿಧಾನದ ಎಳೆತವೋ, ಝಾಡಿಸುವುದೋ?

ಮೂರನೆಯದು ರೆಕ್ಕೆಯ ಲೆಕ್ಕ. ಎಫ್2ಎಯಲ್ಲಿ ಪ್ರತಿ ಚದರ ಡೆಸಿಮೀಟರ್ ಮೇಲ್ಮೈಗೆ 100 ಗ್ರಾಂಗಿಂತ ಜಾಸ್ತಿ ಇರಬಾರದು. ಒಂದು ಚದರ ಡೆಸಿಮೀಟರ್ ಅಂದರೆ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಜಾಗ. ಅಂಥ 5 ಚದರ ಇರುವ ವಿಮಾನ 500 ಗ್ರಾಂ ಮೀರುವಂತಿಲ್ಲ. ಇದಕ್ಕೆ 'ರೆಕ್ಕೆ ಹೊರೆ' ಅಂತ ಬರೆದಿದ್ದೇನೆ. ಹೊರೆ ಅಂದಾಗ ಹೊರುವವರು ಯಾರು ಅನ್ನುವ ಪ್ರಶ್ನೆ ತಾನೇ ಏಳುತ್ತದೆ. ಸೌದೆ ಹೊರೆ, ಹುಲ್ಲು ಹೊರೆ ಅಂದರೆ ತಲೆ ಮೇಲೆ ಹೊರುವುದು. ಇಲ್ಲಿ ಹೊರುವುದು ರೆಕ್ಕೆ. ಒಂದೇ ತೂಕದ ಎರಡು ವಿಮಾನಗಳಲ್ಲಿ ಸಣ್ಣ ರೆಕ್ಕೆಯದ್ದಕ್ಕೆ ಹೊರೆ ಜಾಸ್ತಿ. ವಾಕ್ಯ ಸಲೀಸಾಗಿ ಕೂರುತ್ತದೆ. ಇದಕ್ಕೆ ಯಾರದಾದರೂ ತಕರಾರು ಇದ್ದರೆ ದಯವಿಟ್ಟು ಹೇಳಿ, ಇಲ್ಲವಾದರೆ ಹಾಗೇ ಇಡುತ್ತೇನೆ.

'ಭಾರ' ಬಿಟ್ಟರೆ ತಲೆ ತಿನ್ನುತ್ತಿರುವ ಇನ್ನೊಂದು ಪದ 'ಸುತ್ತು'. ವಿಮಾನ ಒಂದು ಸಲ ಸುತ್ತಿ ಬಂದರೂ ಸುತ್ತು, ಸ್ಪರ್ಧೆಯ ಮೊದಲ ಹಂತವೂ 'ಮೊದಲ ಸುತ್ತು'. ಎಫ್2ಸಿ ಟೀಮ್ ರೇಸ್‌ನಲ್ಲಿ ಮೂರು ತಂಡಗಳು ಒಂದೇ ವೃತ್ತದಲ್ಲಿ ಒಟ್ಟಿಗೆ ಹಾರಿಸುತ್ತವೆ. ತ್ರಿಜ್ಯ 15.92 ಮೀಟರ್. ಹಾಗಾಗಿ 10 ಸಲ ಸುತ್ತಿದರೆ 1 ಕಿಲೋಮೀಟರ್ ಆಗುತ್ತದೆ. ಆರಂಭದ ಓಟಗಳಲ್ಲಿ 100 ಸಲ ಸುತ್ತಬೇಕು, ಫೈನಲ್‌ನಲ್ಲಿ 200 ಸಲ. ಈಗ "ಎರಡನೇ ಸುತ್ತಿನಲ್ಲಿ 100 ಸುತ್ತು" ಅಂತ ಬರೆದರೆ ಯಾರಿಗೆ ಏನು ಅರ್ಥವಾಗಬೇಕು? ಸದ್ಯಕ್ಕೆ ವಿಮಾನದ್ದಕ್ಕೆ 'ಸುತ್ತು' ಉಳಿಸಿಕೊಂಡು ಸ್ಪರ್ಧೆಯದ್ದಕ್ಕೆ 'ಹಂತ' ಮಾಡಿದ್ದೇನೆ. ಕೊಡವ ಮನೆತನಗಳ ನಡುವೆ ನಡೆಯುವ ಕೌಟುಂಬಿಕ ಹಾಕಿ ಹಬ್ಬದ ವರದಿ ಓದಿ ಬೆಳೆದ ಮಕ್ಕಳಿಗೆ 'ಎರಡನೇ ಸುತ್ತು ಪ್ರವೇಶ' ಅನ್ನುವುದೇ ರೂಢಿ. ಅದನ್ನು ಅವರಿಂದ ಬಿಡಿಸುವುದು ಸುಲಭವಲ್ಲ. 'ಹಂತ'ಕ್ಕಿಂತ ಹತ್ತಿರದ ಪದ ಇದ್ದರೆ ಬೇಕು.

ಹಾಕಿ ಅಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಎಫ್2ಬಿಯಲ್ಲಿ ತಂತಿ 15ರಿಂದ 21.5 ಮೀಟರ್ ಇರಬಹುದು. ಅತಿ ಉದ್ದದ ತಂತಿಗೂ ವೃತ್ತದ ಅಡ್ಡಳತೆ 43 ಮೀಟರ್. ಹಾಕಿ ಮೈದಾನದ ಅಗಲ 55 ಮೀಟರ್. ನಮ್ಮ ಜಿಲ್ಲೆಯಲ್ಲಿ ಹಾಕಿ ಮೈದಾನಕ್ಕೆ ಬರವೇ? ನೋಡುವವರು ಗೋಲ್ ಕಡೆಗೆ ದೂರ ನಿಂತರಾಯಿತು. ಹತ್ತಿರದಲ್ಲಿ ಕರೆಂಟ್ ತಂತಿ ಇರಬಾರದು, ಅಷ್ಟೇ. ಇಲ್ಲಿ ಮತ್ತೆ ಪದದ ಕಷ್ಟ. ವಿಮಾನದ್ದೂ ತಂತಿ, ವಿದ್ಯುತ್ತಿನದ್ದೂ ತಂತಿ. ಎಚ್ಚರಿಕೆಯ ವಾಕ್ಯದಲ್ಲಿ ಎರಡೂ ಬರುತ್ತವೆ. ಅಲ್ಲಿ ಮಾತ್ರ 'ಕರೆಂಟ್ ತಂತಿ' ಅಂತ ಪ್ರತಿ ಸಲವೂ ಪೂರ್ತಿ ಬರೆದಿದ್ದೇನೆ. ಇದರಲ್ಲಿ ಶೈಲಿಗಿಂತ ಜೀವ ದೊಡ್ಡದು.

ಇಂಧನಕ್ಕೆ ತೊಂದರೆ ಆಗಲಿಲ್ಲ. ಎಫ್2ಎಯ ನಿಗದಿತ ಮಿಶ್ರಣ ಶೇಕಡಾ 80 ಮೆಥನಾಲ್, 20 ಹರಳೆಣ್ಣೆ. ಹರಳೆಣ್ಣೆ ಅಂತ ಓದಿದ ಕೂಡಲೇ ಮಕ್ಕಳಿಗೆ ವಾಸನೆಯೇ ಬಂತು. ಎಫ್2ಡಿ ಕಾಳಗದಲ್ಲಿ ಎದುರಾಳಿ ವಿಮಾನದ ಬಾಲಕ್ಕೆ ಕಟ್ಟಿದ ಕಾಗದದ ಪಟ್ಟಿ ಕತ್ತರಿಸಬೇಕು. ಒಂದು ಕತ್ತರಿಕೆಗೆ 100 ಅಂಕ. ಆ ಪಟ್ಟಿಗೆ 'ಬಾಲಂಗೋಚಿ' ಅಂತ ಇಟ್ಟೆ. ಗಾಳಿಪಟದಿಂದ ಬಂದ ಪದ, ಚೆನ್ನಾಗಿ ಒಪ್ಪುತ್ತದೆ.

ಹಾಳೆ ಇನ್ನೂ ಮುದ್ರಣಕ್ಕೆ ಹೋಗಿಲ್ಲ. 'ಎಳೆತ ಪರೀಕ್ಷೆ', 'ಜಗ್ಗು ಪರೀಕ್ಷೆ' ಇವೆರಡರಲ್ಲಿ ಯಾವುದು, ಸ್ಪರ್ಧೆಯ 'ಸುತ್ತಿ'ಗೆ ಬದಲು ಏನು, ಇವೆರಡನ್ನು ಮುಖ್ಯವಾಗಿ ತಿಳಿಸಿ. ಧಾರವಾಡ, ಬೆಳಗಾವಿ ಕಡೆಯವರು 'ಜಗ್ಗು' ಬಗ್ಗೆ ಖಂಡಿತ ಬರೆಯಬೇಕು. ಆ ಪದ ನಿಮ್ಮಲ್ಲೇ ಹೆಚ್ಚು ಬಳಕೆಯಲ್ಲಿದೆ.